ಬಾಗಿಲು ತೆರೆದಿತ್ತು, ಕೇಳುವವರಿರಲಿಲ್ಲ

ನವೆಂಬರ್ 2 ನಮ್ಮ ಮನೆಯಲ್ಲಿ ಹಬ್ಬವಲ್ಲ. ಆದರೆ ಹಬ್ಬಕ್ಕಿರುವಷ್ಟೇ ಕೆಲಸ ಅಂದೂ ಇರುತ್ತದೆ. ಕೆಥೊಲಿಕರಿಗೆ ಅದು ಮೃತರನ್ನು ನೆನೆಯುವ ದಿನ. ಎರಡು ಮೂರು ದಿನ ಮೊದಲೇ ಇಗರ್ಜಿಯ ಸ್ಮಶಾನಕ್ಕೆ ಹೋಗಿ ಮಳೆಗಾಲದಲ್ಲಿ ಬೆಳೆದ ಹುಲ್ಲು ಕೀಳಬೇಕು, ಕಲ್ಲಿನ ಮೇಲಿನ ಪಾಚಿ ಉಜ್ಜಬೇಕು, ಶಿಲುಬೆಗಳಿಗೆ ಬಣ್ಣ ಬಳಿಯಬೇಕು. ಆ ದಿನ ಬಲಿಪೂಜೆ ಮುಗಿದ ಮೇಲೆ ಫಾದರ್ ಸಮಾಧಿಗಳ ನಡುವೆ ಪವಿತ್ರ ಜಲ ಚಿಮುಕಿಸುತ್ತಾ ನಡೆಯುತ್ತಾರೆ. ಸೇವಂತಿಗೆ, ಮೇಣದಬತ್ತಿ ಹಿಡಿದುಕೊಂಡು ಮನೆಮಂದಿಯೆಲ್ಲ ತಮ್ಮ ತಮ್ಮವರ ಬಳಿ ನಿಂತಿರುತ್ತಾರೆ.

ಚಿಕ್ಕಂದಿನಲ್ಲಿ ಮೇಣದಬತ್ತಿಯ ಪ್ಯಾಕೆಟ್ ಹಿಡಿಯುವ ಕೆಲಸ ನನ್ನದು. ಅಜ್ಜಿ ಯಾವಾಗಲೂ ಆರು ಬತ್ತಿ ಎಣಿಸಿ ತರುತ್ತಿದ್ದರು. ಐದು ನಮ್ಮ ಕುಟುಂಬದ ಸಮಾಧಿಗಳಿಗೆ. ಆರನೆಯದನ್ನು ಮಾತ್ರ ಎಲ್ಲರೂ ಹೊರಟ ಮೇಲೆ ಹಿಂದಿನ ಗೋಡೆಯ ಮೂಲೆಗೆ ಒಯ್ದು ಹಚ್ಚುತ್ತಿದ್ದರು. ಅಲ್ಲಿ ಶಿಲುಬೆ ಇರಲಿಲ್ಲ, ಹೆಸರೂ ಇರಲಿಲ್ಲ. ಬಾಡಿದ ಹಾರಗಳನ್ನು ರಾಶಿ ಹಾಕುವ ಜಾಗ ಅದು. ಒಂದು ಕಾಡುಗಲ್ಲು ಮಾತ್ರ ಇತ್ತು.

"ಅಲ್ಲಿ ಯಾರಜ್ಜಿ?" ಎಂದು ಒಮ್ಮೆ ಕೇಳಿದ್ದೆ.

"ಯಾರೋ ಪಾಪದವರು, ಪುತಾ" ಎಂದರು.

ನಮ್ಮ ಕಡೆ ಪಾಪದವರು ಎಂದರೆ ಬಡವರು, ಸಾಧು ಜನ. ಆ ಮಾತಿನೊಳಗೆ ಪಾಪ ಎಂಬ ಇನ್ನೊಂದು ಮಾತೂ ಇದೆ ಎಂಬುದು ನನಗೆ ಹೊಳೆದದ್ದು ಪಿಯುಸಿಯಲ್ಲಿದ್ದಾಗ ಅಮ್ಮ ವಿಷಯ ಹೇಳಿದ ಮೇಲೆ. ಅಲ್ಲಿ ಮಲಗಿದ್ದವರು ಅಜ್ಜಿಯ ಸ್ವಂತ ತಮ್ಮ. ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವರು. ಕೆಲಸ ಹುಡುಕಿಕೊಂಡು ಬೊಂಬಾಯಿಗೆ ಹೋಗಿ, ಎರಡು ವರ್ಷ ಅಲೆದು, ಕೈ ಖಾಲಿ ಮಾಡಿಕೊಂಡು ಊರಿಗೆ ಬಂದವರು. 1972ರಲ್ಲಿ, 23ನೆಯ ವಯಸ್ಸಿನಲ್ಲಿ, ಜೀವ ತೆಗೆದುಕೊಂಡರು.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಇಗರ್ಜಿಯ ಗಂಟೆ ನಿಧಾನವಾಗಿ ಬಡಿಯುತ್ತದೆ. ವಾರ್ಡಿನ ಗುರ್ಕಾರರು ಮನೆಮನೆಗೆ ಸುದ್ದಿ ಮುಟ್ಟಿಸುತ್ತಾರೆ. ಊರೇ ಬಂದು ಒಂದೊಂದು ಹಿಡಿ ಮಣ್ಣು ಹಾಕುತ್ತದೆ. ಅಂದು ಗಂಟೆ ಬಡಿಯಲಿಲ್ಲ. ಬಲಿಪೂಜೆ ಇರಲಿಲ್ಲ, ಫಾದರ್ ಬರಲಿಲ್ಲ. ಸ್ಮಶಾನದ ಗೋಡೆಯ ಹೊರಗೆ ನಾಲ್ಕು ಜನ ಸೇರಿ ಗುಂಡಿ ತೋಡಿದರು. ಮುಂದೆ ಎಷ್ಟೋ ವರ್ಷಗಳ ಮೇಲೆ ಸ್ಮಶಾನ ದೊಡ್ಡದು ಮಾಡುವಾಗ ಹೊಸ ಗೋಡೆ ಕಟ್ಟಿದರು. ಆಗ ಆ ಮೂಲೆ ತಾನಾಗಿ ಒಳಗೆ ಬಂತು. ಜಾಗ ಒಳಗೆ ಬಂತೇ ಹೊರತು ಹೆಸರು ಬರಲಿಲ್ಲ.

ಇದು ಆಗಿನ ಧರ್ಮಸಭೆಯ ನಿಯಮ. 1917ರಲ್ಲಿ ಹೊರಬಂದ ಕೆಥೊಲಿಕ್ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ, ಬೇಕೆಂದೇ ಜೀವ ಕಳೆದುಕೊಂಡವರಿಗೆ ಧಾರ್ಮಿಕ ಅಂತ್ಯಸಂಸ್ಕಾರ ಕೊಡಬಾರದು ಎಂದಿತ್ತು. ಜೀವ ದೇವರು ಕೊಟ್ಟದ್ದು, ಅದನ್ನು ತೆಗೆಯುವ ಹಕ್ಕು ನಮಗಿಲ್ಲ ಎಂಬುದು ಅದರ ಹಿಂದಿನ ನಂಬಿಕೆ. ಆ ನಂಬಿಕೆ ಇಂದಿಗೂ ಬದಲಾಗಿಲ್ಲ, ನಾನೂ ಅದನ್ನು ನಂಬುತ್ತೇನೆ. ಆದರೆ ನಂಬಿಕೆ ಬೇರೆ, ಅದರ ಹೆಸರಿನಲ್ಲಿ ಕೊಡುವ ಶಿಕ್ಷೆ ಬೇರೆ. ಇಲ್ಲಿ ಶಿಕ್ಷೆ ಅನುಭವಿಸಿದವರು ತೀರಿಕೊಂಡವರಲ್ಲ, ಉಳಿದ ಮನೆಯವರು. ಅಜ್ಜಿಯ ತಾಯಿ ತಾವು ಸಾಯುವವರೆಗೂ ಇಗರ್ಜಿಯಲ್ಲಿ ಮಗನ ಹೆಸರಿನಲ್ಲಿ ಒಂದು ಪೂಜೆ ಇಡಿಸಲಿಲ್ಲವಂತೆ. ಕೇಳುವ ಧೈರ್ಯವೇ ಬರಲಿಲ್ಲವಂತೆ.

ಈ ನಿಯಮದ ಇತಿಹಾಸವನ್ನು ನಾನು ಓದಿದ್ದು ಪರೀಕ್ಷೆಗಾಗಿ ಅಲ್ಲ, ಭಾಷಣಕ್ಕಾಗಿಯೂ ಅಲ್ಲ. ಕಳೆದ ವರ್ಷ ನಾಲ್ಕನೇ ಸೆಮಿಸ್ಟರಿನಲ್ಲಿ ನನಗೆ ಮೂರು ವಿಷಯ ಬ್ಯಾಕ್ ಬಿತ್ತು. ಮನೆಯಲ್ಲಿ ಎಲ್ಲ ಪಾಸ್ ಎಂದು ಹೇಳಿದೆ. ಗೆಳೆಯರು ಪ್ಲೇಸ್‌ಮೆಂಟ್ ತರಬೇತಿಗೆ ಹೆಸರು ಕೊಡುತ್ತಿದ್ದಾಗ ನಾನು ಹಾಸ್ಟೆಲ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದೆ. ಭಾನುವಾರ ಊರಿಗೆ ಹೋಗುವುದು ಬಿಟ್ಟೆ. ಅಪ್ಪನ ಕರೆ ಬಂದರೆ ಫೋನ್ ಬೋರಲು ಹಾಕಿಡುತ್ತಿದ್ದೆ. ನಾನು ಇದ್ದರೆಷ್ಟು ಬಿಟ್ಟರೆಷ್ಟು ಎಂದು ಅನಿಸಿದ ರಾತ್ರಿಗಳೂ ಇದ್ದವು. ಅಂಥ ಒಂದು ರಾತ್ರಿ ಆ ಕಾಡುಗಲ್ಲು ನೆನಪಾಯಿತು. ಆರನೆಯ ಬತ್ತಿ ಹಚ್ಚಲು ಬಗ್ಗಿ ಕೂತ ಅಜ್ಜಿಯ ಬೆನ್ನು ನೆನಪಾಯಿತು. ಮೊಬೈಲ್ ತೆಗೆದು, ನನ್ನಂಥವರಿಗೆ ಇಗರ್ಜಿಯಲ್ಲಿ ಜಾಗವಿದೆಯೇ ಎಂದು ಹುಡುಕತೊಡಗಿದೆ.

ಅಂದು ರಾತ್ರಿ ತಿಳಿದದ್ದು ಇಷ್ಟು. 1983ರಲ್ಲಿ ಎರಡನೇ ಜಾನ್ ಪಾಲ್ ಪೋಪರ ಕಾಲದಲ್ಲಿ ಹೊಸ ಸಂಹಿತೆ ಬಂತು. ಅಂತ್ಯಸಂಸ್ಕಾರ ನಿರಾಕರಿಸಬೇಕಾದವರ ಪಟ್ಟಿಯಲ್ಲಿ ಜೀವ ಕಳೆದುಕೊಂಡವರ ಉಲ್ಲೇಖ ಅದರಲ್ಲಿಲ್ಲ. 1992ರ ಧರ್ಮೋಪದೇಶ ಗ್ರಂಥ ಇನ್ನೂ ಮುಂದೆ ಹೋಗುತ್ತದೆ. ತೀವ್ರ ಮಾನಸಿಕ ತೊಂದರೆ, ಭಯ, ಸಂಕಟಗಳು ವ್ಯಕ್ತಿಯ ಹೊಣೆಯನ್ನು ಕಡಿಮೆ ಮಾಡುತ್ತವೆ, ಅಂಥವರ ಮುಕ್ತಿಯ ಬಗ್ಗೆ ನಿರಾಶರಾಗಬಾರದು, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂಬುದು ಅದರ ಬೋಧನೆ. ಇನ್ನೊಂದು ವಿಷಯ ಓದಿ ಎದ್ದು ಕೂತೆ. 1917ರ ಕಠಿಣ ನಿಯಮದಲ್ಲೂ ಸಂದೇಹವಿದ್ದಾಗ ಬಿಷಪರನ್ನು ಕೇಳುವ ಅವಕಾಶವಿತ್ತು. ಸಂದೇಹ ಉಳಿದರೆ ಸಂಸ್ಕಾರ ಕೊಡಬಹುದಿತ್ತು. ಅಂದರೆ 1972ರಲ್ಲೂ ಯಾರಾದರೂ ಕೇಳಬಹುದಿತ್ತು.

ನಮ್ಮ ದೇಶದ ಕಾನೂನು ನಡೆದು ಬಂದದ್ದೂ ಹೆಚ್ಚುಕಡಿಮೆ ಇದೇ ದಾರಿ. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರನ್ನು ಭಾರತೀಯ ದಂಡ ಸಂಹಿತೆಯ 309ನೇ ಸೆಕ್ಷನ್ ಅಪರಾಧಿ ಎನ್ನುತ್ತಿತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಸೆಕ್ಷನ್ ಇಲ್ಲ.

ಮರುವಾರ ಊರಿಗೆ ಹೋದೆ. ಮನೆಗೆ ಹೋಗುವ ಮೊದಲು ಫಾದರ್ ಬಳಿ ಹೋಗಿ ವಿಷಯ ಹೇಳಿದೆ. ಅವರು ನಮ್ಮ ಧರ್ಮಕೇಂದ್ರಕ್ಕೆ ಬಂದು ಎರಡು ವರ್ಷವೂ ಆಗಿರಲಿಲ್ಲ. ಆ ಮೂಲೆಯಲ್ಲಿ ಯಾರಿದ್ದಾರೆಂಬುದೇ ಅವರಿಗೆ ಗೊತ್ತಿರಲಿಲ್ಲ.

"ಹೆಸರು ಬರೆದು ಕೊಡಲಿಕ್ಕೆ ಹೇಳು ಅಜ್ಜಿಗೆ. ಎಲ್ಲರ ಹೆಸರಿನ ಜೊತೆ ಓದುವ" ಎಂದರು.

"ತಕರಾರು ಇಲ್ವಾ ಫಾದರ್?"

"ನಲವತ್ತು ವರ್ಷದಿಂದ ಇಲ್ಲ. ಯಾರೂ ಬಂದು ಕೇಳಲಿಲ್ಲ, ಅಷ್ಟೆ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವೂ ಬಂದು ಹೇಳಲಿಲ್ಲ" ಎಂದು ಸೇರಿಸಿದರು.

ಅವರು ಕೊನೆಗೆ ಸೇರಿಸಿದ ಆ ಮಾತಿಗಾಗಿಯೇ ಈ ಲೇಖನ ಬರೆಯುತ್ತಿದ್ದೇನೆ. ನಲವತ್ತು ವರ್ಷ ಬಾಗಿಲು ತೆರೆದೇ ಇತ್ತು. ಒಳಗಿದ್ದವರು ತೆರೆದಿದೆ ಎಂದು ಹೇಳಲಿಲ್ಲ, ಹೊರಗಿದ್ದವರು ನಾಚಿಕೆಯಿಂದ ತಟ್ಟಲಿಲ್ಲ. ನಡುವೆ ಒಂದು ತಲೆಮಾರು ಮುದಿಯಾಯಿತು.

ಅಜ್ಜಿ ಒಮ್ಮೆಲೇ ಒಪ್ಪಲಿಲ್ಲ. "ಈಗ ಯಾಕೆ ಪುತಾ, ಜನ ಮತ್ತೆ ಮಾತಾಡುತ್ತಾರೆ" ಎಂದರು. ಮರುದಿನ ಬೆಳಗ್ಗೆ ಕಾಫಿಯ ಜೊತೆ ಕವರ್ ತಂದಿಟ್ಟರು. ನವೆಂಬರ್ ಬರುವ ಮೊದಲು ಇಗರ್ಜಿಯಿಂದ ಪ್ರತಿ ಮನೆಗೆ ಒಂದು ಕವರ್ ಬರುತ್ತದೆ, ಅದರಲ್ಲಿ ಮನೆಯ ಮೃತರ ಹೆಸರು ಬರೆದು ಕೊಡುವುದು ರೂಢಿ. ಅಜ್ಜಿ ಹೇಳುತ್ತಾ ಹೋದರು, ನಾನು ಬರೆದೆ. ಆರನೆಯ ಹೆಸರು ಹೇಳುವಾಗ ಅವರ ದನಿ ತೀರ ಸಣ್ಣದಾಯಿತು. ತಮ್ಮನ ಪೂರ್ತಿ ಹೆಸರು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಊರಿನಲ್ಲಿ ಎಲ್ಲರಿಗೂ ಇದು ಹಿಡಿಸಿತು ಎಂದರೆ ಸುಳ್ಳಾಗುತ್ತದೆ. "ಹೀಗೆ ಓದಿದರೆ ಈಗಿನ ಮಕ್ಕಳಿಗೆ ಅದು ತಪ್ಪಲ್ಲ ಅಂತ ಅನಿಸೋದಿಲ್ವಾ?" ಎಂದು ಹಿರಿಯರೊಬ್ಬರು ನೇರವಾಗಿಯೇ ಕೇಳಿದರು. ಆ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಇಂಥ ಸಾವನ್ನು ದೊಡ್ಡದು ಮಾಡಬಾರದು, ವರ್ಣಿಸಬಾರದು, ಅದನ್ನೊಂದು ಪರಿಹಾರವೆಂಬಂತೆ ತೋರಿಸಲೇಬಾರದು. ಆದರೆ ಅಂದು ಓದಿದ್ದು ಹೇಗೆ ಸತ್ತರು ಎಂಬುದನ್ನಲ್ಲ, ಯಾರು ಎಂಬುದನ್ನು ಮಾತ್ರ. ಕಾಯಿಲೆಯಿಂದ ಹೋದವರು, ಅಪಘಾತದಲ್ಲಿ ಹೋದವರು, ವಯಸ್ಸಾಗಿ ಹೋದವರ ನಡುವೆ ಅದೂ ಒಂದು ಹೆಸರು. ಗೋಡೆಯ ಹೊರಗೆ ಹೂಳುವ ಹೆದರಿಕೆ ಯಾರನ್ನಾದರೂ ತಡೆಯುತ್ತಿತ್ತೇ? ಅಜ್ಜಿಯ ತಮ್ಮನಿಗೂ ಆ ನಿಯಮ ಗೊತ್ತಿತ್ತು. ಅದು ಅವರನ್ನು ಉಳಿಸಲಿಲ್ಲ.

ನವೆಂಬರ್ 2ರಂದು ಹೆಸರು ಓದಿದರು. ಒಂದು ಕ್ಷಣವೂ ಹಿಡಿಯಲಿಲ್ಲ, ಮುಂದಿನ ಹೆಸರಿಗೆ ಹೋದರು. ಪೂಜೆ ಮುಗಿದ ಮೇಲೆ ಫಾದರ್ ಪವಿತ್ರ ಜಲ ಹಿಡಿದು ಸಾಲುಸಾಲಾಗಿ ನಡೆದು, ಕೊನೆಗೆ ಆ ಮೂಲೆಗೂ ಬಂದರು. ಬಾಡಿದ ಹಾರಗಳನ್ನು ನಮ್ಮ ವಾರ್ಡಿನ ಗುರ್ಕಾರರು ಹಿಂದಿನ ದಿನವೇ ತೆಗೆಸಿದ್ದರು. ಅಜ್ಜಿ ಬತ್ತಿ ಹಚ್ಚಿದರು. ಪಕ್ಕದ ಮನೆಯ ಬಾಯಿಯೊಬ್ಬರು ಏನೂ ಹೇಳದೆ ತಮ್ಮ ಕೈಯಲ್ಲಿದ್ದ ಬತ್ತಿಯನ್ನೂ ಅಲ್ಲೇ ಇಟ್ಟರು. ಮತ್ತೊಬ್ಬರು ಇಟ್ಟರು. ಆಮೇಲೆ ಎಣಿಸಲಿಲ್ಲ.

ಕ್ರೈಸ್ತರಲ್ಲಿ ದಯೆಯ ಕಾರ್ಯಗಳು ಎಂದು ಏಳನ್ನು ಹೇಳುತ್ತಾರೆ. ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಬಟ್ಟೆಯಿಲ್ಲದವರಿಗೆ ಬಟ್ಟೆ, ನೆಲೆಯಿಲ್ಲದವರಿಗೆ ನೆಲೆ, ರೋಗಿಗಳ ಭೇಟಿ, ಸೆರೆಯಲ್ಲಿರುವವರ ಭೇಟಿ. ಈ ಆರರ ಮೂಲ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿದೆ. ಏಳನೆಯದು ಸತ್ತವರನ್ನು ಹೂಳುವುದು. ಅದರ ಹಿಂದೆ ತೋಬಿತನ ಗ್ರಂಥದ ಕಥೆಯಿದೆ. ಅರಸನ ಕೋಪಕ್ಕೆ ಸಿಕ್ಕಿ ಸತ್ತು, ಯಾರೂ ಮುಟ್ಟದೆ ಬಿಟ್ಟ ತನ್ನವರ ದೇಹಗಳನ್ನು ತೋಬಿತ ತನ್ನ ಜೀವದ ಹಂಗು ತೊರೆದು ಹೂಳುತ್ತಾನೆ. ಧರ್ಮೋಪದೇಶದ ತರಗತಿಯಲ್ಲಿ ಏಳನ್ನೂ ಬಾಯಿಪಾಠ ಮಾಡಿದ್ದೆ. ಏಳನೆಯದನ್ನು ಯಾಕೆ ದಯೆ ಎನ್ನುತ್ತಾರೆ ಎಂಬುದು ಆ ಮೂಲೆಯಲ್ಲಿ ನಿಂತಾಗ ಅರ್ಥವಾಯಿತು. ಸತ್ತವರು ತಿರುಗಿ ಏನನ್ನೂ ಕೊಡಲಾರರು, ಧನ್ಯವಾದವನ್ನೂ ಹೇಳಲಾರರು. ಅದಕ್ಕೇ ಅದು ದಯೆ.

ಎಲ್ಲರೂ ಹೋದ ಮೇಲೆ ಅಜ್ಜಿಯ ಪಕ್ಕ ಕೂತು ನನ್ನ ಮೂರು ಬ್ಯಾಕ್‌ಗಳ ವಿಷಯ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅಜ್ಜಿ ನನ್ನ ಕೈ ಹಿಡಿದುಕೊಂಡು, "ಅವನೂ ಒಂದು ಮಾತು ಹೇಳಿದ್ದರೆ" ಎಂದರು. ಬೇರೆ ಏನೂ ಹೇಳಲಿಲ್ಲ. ರಾತ್ರಿ ಊಟದ ಹೊತ್ತಿಗೆ ಅಪ್ಪನಿಗೂ ಅಮ್ಮನಿಗೂ ವಿಷಯ ಗೊತ್ತಾಗಿತ್ತು. ಅಪ್ಪ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಬಸ್‌ಸ್ಟ್ಯಾಂಡಿಗೆ ಬಿಡಲು ಬಂದಾಗ, ಪರೀಕ್ಷೆ ಫೀಸಿನ ಕೊನೆಯ ದಿನ ಯಾವಾಗ ಎಂದು ಕೇಳಿದರು. ನನಗೆ ಅಷ್ಟು ಸಾಕಾಗಿತ್ತು.

ಇದು ಒಂದು ಇಗರ್ಜಿಯ ಕಥೆ ಮಾತ್ರವಾಗಿದ್ದರೆ ಈ ಪುಟಕ್ಕೆ ಬರೆಯುತ್ತಿರಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಜೀವ ಕಳೆದುಕೊಂಡಿದ್ದಾರೆ. ಯಾವ ಸಾವಿಗೂ ಒಂದೇ ಕಾರಣ ಇರುವುದಿಲ್ಲ. ಆದರೆ ಆ ಸಂಖ್ಯೆಯೊಳಗೆ ನಮ್ಮ ವಯಸ್ಸಿನವರಿದ್ದಾರೆ, ನಮ್ಮಂತೆ ಫಲಿತಾಂಶ ನೋಡಿ ಫೋನ್ ಬೋರಲು ಹಾಕಿದವರಿದ್ದಾರೆ, ಕೆಲಸದ ಕರೆಗಾಗಿ ಕಾದವರಿದ್ದಾರೆ.

ನಮ್ಮ ಕಾಲೇಜುಗಳಿಗೂ ಗೋಡೆಯ ಹೊರಗಿನ ಒಂದು ಮೂಲೆ ಇದೆ. ಇಯರ್ ಬ್ಯಾಕ್ ಆದವನು ಮೊದಲು ಕ್ಯಾಂಟೀನಿಗೆ ಬರುವುದು ಬಿಡುತ್ತಾನೆ. ಆಮೇಲೆ ವಾಟ್ಸ್‌ಆ್ಯಪ್ ಗುಂಪಿನಿಂದ ಹೊರಗೆ ಹೋಗುತ್ತಾನೆ. ಕೋರ್ಸ್ ಬಿಟ್ಟವಳ ಹೆಸರು ಹಾಜರಿ ಪಟ್ಟಿಯಿಂದ ಹೋಗುತ್ತದೆ, ನಮ್ಮ ಮಾತಿನಿಂದಲೂ ಹೋಗುತ್ತದೆ. ನಾವು ಯಾರನ್ನೂ ತಳ್ಳಿರುವುದಿಲ್ಲ, ನಿಜ. ಸುಮ್ಮನೆ ಕರೆಯುವುದನ್ನು ಬಿಟ್ಟಿರುತ್ತೇವೆ. ಬ್ಯಾಕ್ ಪರೀಕ್ಷೆ ಮತ್ತೆ ಬರೆಯಬಹುದು, ಆಪ್ತಸಮಾಲೋಚಕರನ್ನು ಕಾಣಬಹುದು, ಮೆಂಟರ್ ಬಳಿ ಮಾತಾಡಬಹುದು. ಇದೆಲ್ಲ ನಿಯಮದಲ್ಲಿದೆ, ನೋಟಿಸ್ ಬೋರ್ಡಿನ ಒಂದು ಮೂಲೆಯಲ್ಲೂ ಇರಬಹುದು. ಆದರೆ ಫೇಲಾದವನು ನೋಟಿಸ್ ಬೋರ್ಡಿನ ಮುಂದೆ ನಿಲ್ಲುವುದಿಲ್ಲ ಎಂಬುದು ಫೇಲಾದ ನನಗೆ ಗೊತ್ತು. ಯಾರಾದರೂ ರೂಮಿನ ಬಾಗಿಲು ತಟ್ಟಿ ಹೇಳಬೇಕು.

ಯಾರು ಹೇಳಬೇಕು? ಮೊದಲು ಅಧಿಕಾರದಲ್ಲಿರುವವರು. ಫಲಿತಾಂಶ ಬಂದ ದಿನ ರ‍್ಯಾಂಕ್ ಪಡೆದವರ ಬ್ಯಾನರ್ ಕಟ್ಟುವಷ್ಟೇ ಕಾಳಜಿಯಿಂದ, ಬಿದ್ದವರನ್ನು ಒಬ್ಬೊಬ್ಬರನ್ನಾಗಿ ಕರೆದು ಮುಂದಿನ ದಾರಿ ಇದು ಎಂದು ಹೇಳಬೇಕು. ಆಮೇಲೆ ನಾವು. ಇದಕ್ಕೆ ಪದವಿ ಬೇಕಿಲ್ಲ, ವಯಸ್ಸೂ ಬೇಕಿಲ್ಲ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಕಾನೂನು ಓದುತ್ತಿದ್ದ ಫ್ರೆಡರಿಕ್ ಓಝನಾಮ್ ಕೆಲವೇ ಗೆಳೆಯರ ಜೊತೆ ಸೇರಿ ಬಡವರ ಮನೆಗಳಿಗೆ ಹೋಗತೊಡಗಿದಾಗ ಅವನಿಗೆ ಇಪ್ಪತ್ತು ವರ್ಷ. ಅದೇ ಇಂದಿನ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆ. ಕರಾವಳಿಯ ಅನೇಕ ಇಗರ್ಜಿಗಳಲ್ಲಿ ಅದರ ಘಟಕಗಳಿವೆ, ನಮ್ಮಲ್ಲೂ ಇದೆ. ಅದರ ಸದಸ್ಯರು ಇಬ್ಬಿಬ್ಬರಾಗಿ ಮನೆಗೆ ಹೋಗುತ್ತಾರೆ. ಅಕ್ಕಿಯನ್ನೋ ಔಷಧಿಯ ಹಣವನ್ನೋ ಕೊಟ್ಟು ಓಡಿ ಬರುವುದಿಲ್ಲ, ಕೂತು ಮಾತಾಡಿ ಬರುತ್ತಾರೆ. ಸಹಾಯ ಬೇಕಾದವರು ಬರಲಿ ಎಂದು ಕಾಯದೆ ಅವರಿದ್ದಲ್ಲಿಗೆ ಹೋಗುವುದೇ ಆ ಕೆಲಸದ ಮುಖ್ಯ ಅಂಶ ಎಂದು ಈಗ ಅನಿಸುತ್ತದೆ.

ಹಾಗಾಗಿ ಗೆಳೆಯರೇ, ಒಂದು ಕೋರಿಕೆ. ನಿಮ್ಮ ತರಗತಿಯಲ್ಲಿ, ಹಾಸ್ಟೆಲಿನಲ್ಲಿ, ಕೋಚಿಂಗ್ ಸೆಂಟರಿನಲ್ಲಿ ಕಳೆದ ಒಂದು ತಿಂಗಳಿಂದ ಕಾಣದ ಒಬ್ಬರ ಹೆಸರು ನೆನಪು ಮಾಡಿಕೊಳ್ಳಿ. ಇಂದು ಅವರಿಗೆ ಕರೆ ಮಾಡಿ. ರಿಸಲ್ಟ್ ಏನಾಯಿತು, ಕೆಲಸ ಸಿಕ್ಕಿತಾ ಎಂದು ಶುರು ಮಾಡಬೇಡಿ. ಊಟ ಆಯಿತಾ ಎಂದು ಕೇಳಿ, ಸಾಕು. ನೀವೇ ಆ ಮೂಲೆಯಲ್ಲಿ ಕೂತಿದ್ದರೆ ಒಬ್ಬರಿಗೆ ಹೇಳಿ. ಮನೆಯವರಿಗೆ ಹೇಳಲು ಆಗದಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕರೆ ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನೀವು ಮುಚ್ಚಿದೆ ಎಂದುಕೊಂಡಿರುವ ಬಾಗಿಲು ಮುಚ್ಚಿರಲಿಕ್ಕಿಲ್ಲ. ಒಮ್ಮೆ ತಟ್ಟಿ ನೋಡಿ.

ನನ್ನ ಮೂರು ಬ್ಯಾಕ್‌ಗಳಲ್ಲಿ ಎರಡು ಹೋಗಿವೆ, ಒಂದು ಉಳಿದಿದೆ. ಆ ಮೂಲೆಯ ಕಾಡುಗಲ್ಲಿನ ಪಕ್ಕ ಈಗ ಒಂದು ಚಿಕ್ಕ ಶಿಲುಬೆ ನಿಂತಿದೆ. ಅದರ ಮೇಲೆ ಹೆಸರಿದೆ, ಹುಟ್ಟಿದ ಇಸವಿ, ತೀರಿದ ಇಸವಿ ಇದೆ. ಬರುವ ನವೆಂಬರಿಗೆ ಹುಲ್ಲು ಕೀಳಲು ಹೋಗುವಾಗ ಅಜ್ಜಿ ಅಲ್ಲಿಂದಲೇ ಶುರು ಮಾಡುತ್ತಾರಂತೆ.